ನಮ್ಮ ಮನೆ ಇಲ್ಲೋ ಅಲ್ಲೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳನ್ನ ಒಟ್ಟಿಗೆ ಇಟ್ಕೊಂಡು ಓದ್ತಾ ಇದ್ರೆ, ಬೇರೆ ಬೇರೆ ಊರಿನವರು ಬೇರೆ ಬೇರೆ ಕಷ್ಟ ಹೇಳ್ಕೊಂಡಿದ್ರೂ ಸುತ್ತಿ ಬಳಸಿ ಎಲ್ಲಾ ಮನೆ ಅನ್ನೋ ವಿಷಯಕ್ಕೇ ಬಂದು ನಿಲ್ಲುತ್ತೆ. ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೆ ಮಾತ್ರ ಬರೀತಿದೀನಿ. ಉದ್ದದ ಪತ್ರಗಳನ್ನ ಸ್ವಲ್ಪ ಕತ್ತರಿಸಿದೀನಿ, ಹೆಸರು ಬೇಡ ಅಂದವರೇ ಜಾಸ್ತಿ ಇದ್ರು, ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ಮದುವೆ ಆದಾಗಿಂದ ನಾವು ಬಹರೇನಲ್ಲೇ ಇದೀವಿ, ಊರು ಉಡುಪಿ ಹತ್ರ. ಇಲ್ಲಿ ಎಷ್ಟು ವರ್ಷ ದುಡಿದ್ರೂ ವೀಸಾ ಮುಗಿದ ದಿನ ಗಂಟುಮೂಟೆ ಕಟ್ಲೇಬೇಕು, ಊರಿಗೆ ಹೋದ್ರೆ ಮಕ್ಕಳಿಗೆ ಅಲ್ಲಿ ಯಾವುದೂ ಹಿಡಿಸಲ್ಲ. ಈಗ ನಮ್ಮ ಯಜಮಾನ್ರು ಊರಲ್ಲಿ ಮನೆ ಕಟ್ಟೋಣ ಅಂತಿದಾರೆ, ಜಾಗ ಇದೆ, ಲೋನೂ ಸಿಗುತ್ತೆ. ಆದ್ರೆ ನಮ್ಮ ಪ್ರೇಯರ್ ಗ್ರೂಪಲ್ಲಿ ಹಿರಿಯರೊಬ್ರು, ನಾವು ಈ ಲೋಕದಲ್ಲಿ ಪರದೇಶಿಗಳು, ಮನೆ ಮಠ ಅಂತ ಅಂಟ್ಕೊಳ್ಳೋದು ನಂಬಿಕೆ ಕಮ್ಮಿ ಇರೋರ ಲಕ್ಷಣ ಅಂದ್ಬಿಟ್ರು. ಅವತ್ತಿಂದ ಮನಸ್ಸಲ್ಲಿ ಕೊರೀತಾ ಇದೆ.

ಉತ್ತರ: ಕಟ್ಟಿಸಿ ತಂಗಿ, ಧೈರ್ಯವಾಗಿ ಕಟ್ಟಿಸಿ. ಆ ಹಿರಿಯರು ಹೇಳಿದ್ದರಲ್ಲಿ ಮೊದಲ ಭಾಗ ಸತ್ಯವೇದದಲ್ಲಿ, ಅಂದ್ರೆ ಬೈಬಲಿನಲ್ಲಿ, ಇದೆ, 1 ಪೇತ್ರ 2:11ರಲ್ಲೂ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲೂ ನಾವು ಪರದೇಶದವರು, ಪ್ರವಾಸಿಗಳು ಅನ್ನೋ ಮಾತು ಬರುತ್ತೆ. ಎರಡನೇ ಭಾಗ ಅವರು ತಾವೇ ಸೇರಿಸಿದ್ದು.

ಇಬ್ರಿಯ 11ರಲ್ಲಿ ನಂಬಿಕೆಗೆ ಉದಾಹರಣೆ ಅಂತ ಕೊಟ್ಟಿರೋದು ಅಬ್ರಹಾಮನನ್ನ. 75ನೇ ವಯಸ್ಸಲ್ಲಿ ಹಾರಾನ್ ಬಿಟ್ಟು ಹೊರಟವನು, ಆಮೇಲೆ ಜೀವನಪೂರ್ತಿ ಗುಡಾರದಲ್ಲೇ ಇದ್ದವನು. ಆದ್ರೆ ಅವನ ಕಥೆಯಲ್ಲಿ ಆದಿಕಾಂಡ 23ನೇ ಅಧ್ಯಾಯನ ನಾವು ಓದೋದೇ ಕಮ್ಮಿ. ಹೆಂಡತಿ ಸಾರ 127 ವರ್ಷ ಬದುಕಿ ಹೆಬ್ರೋನಿನಲ್ಲಿ ತೀರಿಕೊಳ್ತಾಳೆ, ಅವಳನ್ನ ಮಣ್ಣು ಮಾಡೋಕೆ ಇವನಿಗೆ ಒಂದು ಗೇಣು ಜಾಗ ಇಲ್ಲ. ಹೆಣದ ಹತ್ರದಿಂದ ಎದ್ದು ಬಂದು ಊರವರ ಮುಂದೆ ತಲೆಬಾಗಿ, ನಾನು ನಿಮ್ಮ ಮಧ್ಯೆ ಪರದೇಶದವನು, ಸಮಾಧಿಗೆ ಒಂದು ಜಾಗ ಕೊಡಿ ಅಂತ ಕೇಳ್ತಾನೆ. ಎಫ್ರೋನ ಅನ್ನೋನು ದುಡ್ಡೇ ಬೇಡ ಹಾಗೇ ತಗೋ ಅಂದ್ರೂ ಅಬ್ರಹಾಮ ಒಪ್ಪಲ್ಲ, ಎಲ್ರ ಎದುರಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಮಕ್ಪೇಲದ ಹೊಲ ಕೊಳ್ತಾನೆ. ಹೊಲ, ಅದರೊಳಗಿನ ಗವಿ, ಸುತ್ತಲೂ ಗಡಿಯಲ್ಲಿದ್ದ ಮರಗಳು ಅಂತ ಒಂದೊಂದೇ ಹೇಳಿರೋದನ್ನ ಓದಿದ್ರೆ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ರಯಪತ್ರ ಓದಿದ ಹಾಗೇ ಇರುತ್ತೆ. ಇಡೀ ದೇಶನೇ ನಿನ್ನ ಸಂತತಿಗೆ ಕೊಡ್ತೀನಿ ಅಂತ ದೇವರು ಮಾತು ಕೊಟ್ಟಿದ್ರೂ ಅವನು ಬದುಕಿದ್ದಾಗ ಹಣ ಕೊಟ್ಟು ಸ್ವಂತ ಮಾಡ್ಕೊಂಡ ಹೊಲ ಅಂತ ಕಥೆ ಹೇಳೋದು ಈ ಸಮಾಧಿ ಜಾಗ ಒಂದನ್ನೇ. ಪರದೇಶಿ ಅನ್ನಿಸ್ಕೊಂಡವನೇ ಜಮೀನು ಕೊಂಡಿದಾನೆ, ಅದೂ ಅಷ್ಟು ನಿಯತ್ತಾಗಿ, ಅದರಿಂದ ಅವನ ನಂಬಿಕೆ ಏನೂ ಕಮ್ಮಿ ಆಗ್ಲಿಲ್ಲ.

ಇನ್ನು ಪರದೇಶಿ ಅಂದ್ರೆ ಏನು ಅನ್ನೋದು ಯಾಜಕಕಾಂಡ 25:23ರಲ್ಲಿ ಸ್ಪಷ್ಟ ಇದೆ. ಭೂಮಿ ನನ್ನದು, ನೀವು ನನ್ನ ಹತ್ರ ಇಳ್ಕೊಂಡಿರೋ ಪರದೇಶದವರು, ಹಾಗಾಗಿ ಭೂಮಿನ ಶಾಶ್ವತವಾಗಿ ಮಾರಿಬಿಡ್ಬೇಡಿ ಅಂತ ದೇವರು ಹೇಳ್ತಾನೆ. ಬಡತನಕ್ಕೆ ಹೊಲ ಮಾರ್ಕೊಂಡವನಿಗೆ 50ನೇ ವರ್ಷದಲ್ಲಿ ಅದು ವಾಪಸ್ ಹೋಗ್ಬೇಕು ಅನ್ನೋ ಕಾನೂನು ಬರೋದು ಇದೇ ಅಧ್ಯಾಯದಲ್ಲಿ. ಅಂದ್ರೆ ಮನೆ ಜಮೀನು ಇಟ್ಕೊಳ್ಳಿ, ಆದ್ರೆ ಅದರ ಮೇಲಿನ ಕೊನೇ ಹಕ್ಕು ನಿಮ್ಮದು ಅಂದ್ಕೊಂಡು ಇಲ್ಲದವನನ್ನ ಹೊರಗೆ ಹಾಕ್ಬೇಡಿ ಅಂತ. ಇದನ್ನ ಮನೆ ಕಟ್ಟಬಾರದು ಅಂತ ಅರ್ಥ ಮಾಡಿದ್ರೆ ಆ ವಚನಕ್ಕೇ ಅನ್ಯಾಯ.

ಬಹರೇನ್ ಬಗ್ಗೆಯೂ ಒಂದು ಮಾತು ಹೇಳ್ಬೇಕು, ಯಾಕಂದ್ರೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಬೇಜಾರಾಗಿದ್ದು ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನೋ ಭಾವಕ್ಕೆ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿಂದ ಒಂದಷ್ಟು ಜನರನ್ನ ಬಾಬಿಲೋನಿಗೆ ಹಿಡ್ಕೊಂಡು ಹೋದ ಮೇಲೆ ಹನನ್ಯ ಅನ್ನೋ ಪ್ರವಾದಿ, ಎರಡೇ ವರ್ಷ, ಎಲ್ರೂ ವಾಪಸ್ ಬರ್ತಾರೆ ಅಂತ ಹೇಳ್ತಿದ್ದ. ಯೆರೆಮೀಯ ಮಾತ್ರ ಸೆರೆಯಲ್ಲಿದ್ದವರಿಗೆ ಪತ್ರ ಬರೆದು, ಅಷ್ಟು ಬೇಗ ಆಗಲ್ಲ, 70 ವರ್ಷ ಆಗುತ್ತೆ, ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರೋ ಪಟ್ಟಣಕ್ಕೆ ಒಳ್ಳೇದು ಬಯಸಿ, ಅದಕ್ಕಾಗಿ ಪ್ರಾರ್ಥನೆ ಮಾಡಿ ಅಂತ ಹೇಳಿದ (ಯೆರೆಮೀಯ 29ನೇ ಅಧ್ಯಾಯ). ತಮ್ಮನ್ನ ಸೆರೆ ಹಿಡಿದವರ ಊರಿಗೇ ಒಳ್ಳೇದು ಬಯಸಿ ಅಂತಾನೆ ನೋಡಿ. ಆಗಿನವರಿಗೆ ಇದು ನುಂಗೋಕೆ ಎಷ್ಟು ಕಷ್ಟ ಆಗಿರಬೇಕು. ನಿಮ್ಮದು ಸೆರೆ ಅಲ್ಲ, ದುಡಿಯೋಕೆ ಹೋದದ್ದು, ಆದ್ರೂ ಗಲ್ಫಲ್ಲಿರೋ ನಮ್ಮ ಎಷ್ಟೋ ಕುಟುಂಬ ಅಲ್ಲಿ ಕಳೆಯೋ ವರ್ಷಗಳನ್ನ ಬಸ್‌ಸ್ಟ್ಯಾಂಡಲ್ಲಿ ಕೂತವರ ಥರ ಕಳೀತಾರೆ. ಅಲ್ಲಿ ಪಕ್ಕದ ಮನೆಯವರ ಜೊತೆ ಮಾತಾಡಿ, ಮಕ್ಕಳು ಆ ಊರನ್ನ ಇಷ್ಟಪಟ್ರೆ ಬಿಡಿ, ಅದರಿಂದ ಉಡುಪಿಗೆ ದ್ರೋಹ ಆಗಲ್ಲ. ಹಾಗೇ ಊರಿನ ಎಳೆಯನ್ನೂ ಬಿಡ್ಬೇಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅದೇ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಚರ್ಚಲ್ಲಿ ಆಶೀರ್ವಾದ ಮಾಡಿದ ಹೊಸ ತೆನೆಯನ್ನ ಊರಿಂದ ಕವರಲ್ಲಿ ಹಾಕಿ ಕಳಿಸ್ತಾರಲ್ಲ, ಆ ನಾಲ್ಕು ಭತ್ತ ಸುಲಿದು ಹಾಲಲ್ಲೋ ಪಾಯಸದಲ್ಲೋ ಹಾಕಿ ಎಲ್ರೂ ಒಟ್ಟಿಗೆ ಕೂತು ತಿನ್ನುವಾಗ ಅದು ಯಾರ ಗದ್ದೇದು ಅಂತ ಮಕ್ಕಳಿಗೆ ಹೇಳಿ. ಎರಡನೇ ಶತಮಾನದಲ್ಲಿ ದಿಯೊಗ್ನೇತ ಅನ್ನೋನಿಗೆ ಯಾರೋ ಬರೆದ ಒಂದು ಪತ್ರ ಉಳಿದು ಬಂದಿದೆ, ಬರೆದವನ ಹೆಸರು ಅದರಲ್ಲಿಲ್ಲ, ಕ್ರೈಸ್ತರಿಗೆ ಪ್ರತಿಯೊಂದು ಪರದೇಶವೂ ಸ್ವದೇಶ, ಪ್ರತಿಯೊಂದು ಸ್ವದೇಶವೂ ಪರದೇಶ ಅಂತ ಅವನು ಹೇಳ್ತಾನೆ. ನಿಮ್ಮಂಥವರು ಇದನ್ನ ದಿನಾ ಬದುಕ್ತಿದೀರಿ.

ಒಂದೇ ಒಂದು ಎಚ್ಚರಿಕೆ. ಕರಾವಳಿಯಲ್ಲಿ ಎರಡು ಮಹಡಿ, ಗ್ರಾನೈಟ್, ದೊಡ್ಡ ಗೇಟು, ಒಳಗೆ ವಯಸ್ಸಾದ ಅಮ್ಮ ಒಬ್ರೇ ಅಥವಾ ಬರೀ ಬೀಗ, ಇಂಥ ಮನೆಗಳು ತುಂಬಾ ಇವೆ. ಬೇಕಾದಷ್ಟು ಕಟ್ಟಿ, ಸಾಲ ತೀರಿಸೋಕೇ ಇನ್ನು ಹತ್ತು ವರ್ಷ ಮನೆಯಿಂದ ದೂರ ಇರೋ ಹಾಗೆ ಕಟ್ಬೇಡಿ.

ಪ್ರಶ್ನೆ: ನಾನು ಚಿಕ್ಕಮಗಳೂರಲ್ಲಿ ಸಂಡೆ ಸ್ಕೂಲ್ ಟೀಚರ್. ಎರಡನೇ ಕ್ಲಾಸಿನ ಹುಡುಗ ಒಬ್ಬ, ಯೇಸುಸ್ವಾಮಿ ಮನೆ ಎಲ್ಲಿತ್ತು ಮಿಸ್ ಅಂದ. ನರಿಗಳಿಗೆ ಗುದ್ದು ಇದೆ, ಮನುಷ್ಯಕುಮಾರನಿಗೆ ತಲೆ ಇಡೋಕೂ ಜಾಗ ಇಲ್ಲ ಅನ್ನೋ ವಚನ ಹೇಳಿದೆ, ಹುಡುಗನ ಮುಖ ಬಾಡಿಹೋಯ್ತು. ಬೇರೆ ಏನು ಹೇಳಬಹುದಿತ್ತು?

ಉತ್ತರ: ಆ ವಚನ ಹೇಳಿದ್ದು ಸರಿ, ಅದರ ಜೊತೆಗೆ ಇನ್ನೂ ಸ್ವಲ್ಪ ಹೇಳಿ. ಬೆಳೆದದ್ದು ನಜರೇತಲ್ಲಿ, ಆಮೇಲೆ ಕಪೆರ್ನೌಮಿಗೆ ಬಂದು ವಾಸ ಮಾಡಿದ ಅಂತ ಮತ್ತಾಯ 4:13 ಹೇಳುತ್ತೆ. ಮಾರ್ಕ 2:1ರಲ್ಲಂತೂ ಯೇಸು ಮನೆಯಲ್ಲಿದ್ದಾನೆ ಅನ್ನೋ ಸುದ್ದಿ ಹಬ್ಬಿ ಬಾಗಿಲ ಹತ್ರ ನಿಲ್ಲೋಕೂ ಜಾಗ ಇಲ್ಲದಷ್ಟು ಜನ ಸೇರ್ತಾರೆ, ನಾಲ್ಕು ಜನ ಸೇರಿ ಚಾವಣಿ ಬಿಚ್ಚಿ ಪಾರ್ಶ್ವವಾಯು ರೋಗಿನ ಒಳಗೆ ಇಳಿಸೋದು ಆ ಮನೆಗೇ. ಎರಡನೇ ಕ್ಲಾಸಿನವರಿಗೆ ಇದಕ್ಕಿಂತ ಒಳ್ಳೇ ಕಥೆ ಬೇಕಾ. ಅಲ್ಲಿ ಯೇಸುವಿನ ಶಿಷ್ಯ ಪೇತ್ರನ ಮನೆ ಅಂತ ಮೊದಲಿಂದ ಹೇಳ್ಕೊಂಡು ಬಂದ ಒಂದು ಹಳೇ ಮನೆಯ ಮೇಲೆ 5ನೇ ಶತಮಾನದಲ್ಲಿ ಎಂಟು ಮೂಲೆಯ ಚರ್ಚ್ ಕಟ್ಟಿದ್ರು, ಅದರ ಕಲ್ಲಿನ ಅಡಿಪಾಯ ಇವತ್ತಿಗೂ ನೋಡೋಕೆ ಸಿಗುತ್ತೆ, ಫೋಟೋ ತೋರಿಸಿ. ಬೇಥಾನ್ಯದಲ್ಲಿ ಮಾರ್ಥ ಮರಿಯ ಲಾಜರನ ಮನೆ ಇತ್ತು, ಜಕ್ಕಾಯನ ಮನೆಗೆ ತಾನೇ ಬರ್ತೀನಿ ಅಂತ ಹೇಳಿ ಹೋದ. ಹುಟ್ಟಿದಾಗ ಜಾಗ ಸಿಗಲಿಲ್ಲ, ಕೊನೆಗೆ ಇಟ್ಟಿದ್ದೂ ಅರಿಮಥಾಯದ ಯೋಸೇಫನ ಸಮಾಧಿಯಲ್ಲಿ, ಅದು ನಿಜ. ಮಧ್ಯದಲ್ಲಿ ಮಾತ್ರ ತುಂಬಾ ಜನ ಬಾಗಿಲು ತೆರೆದಿದ್ರು ಅಂತ ಆ ಹುಡುಗನಿಗೆ ಹೇಳಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಮ್ಮೂರು ಬೆಟಗೇರಿ, ಈಗ ಬೆಂಗಳೂರಾಗ ಇದ್ದೀವ್ರಿ. ಹೋದ ವರ್ಷ ನಮ್ಮವ್ವ ಇಲ್ಲೇ ನಮ್ಮ ಮನ್ಯಾಗ ತೀರಿಕೊಂಡ್ಲು. ನಿಮ್ಮಪ್ಪನ ಸಮಾಧಿ ಬಾಜೂಕ ನನ್ನ ಮಣ್ಣ ಮಾಡ್ರಿ ಅಂತ ಎಷ್ಟೋ ಸಲ ಹೇಳಿದ್ಲ್ರಿ. ಆಗಿನ ಪರಿಸ್ಥಿತಿಯೊಳಗ ಊರಿಗೆ ಒಯ್ಯಾಕ ಆಗ್ಲಿಲ್ಲ, ಇಲ್ಲೇ ಮಾಡಿದ್ವಿ. ಊರಿಗೆ ಹೋದಾಗೆಲ್ಲ ಅಪ್ಪನ ಬಾಜೂ ಖಾಲಿ ಜಾಗಾ ನೋಡಿ ಹೊಟ್ಯಾಗ ಸಂಕಟ ಆಗ್ತೈತ್ರಿ. ಅವ್ವನ ಮನಸ್ಸು ನೋಯಿಸಿದ್ನೇನು ಅನಸ್ತೈತಿ.

ಉತ್ತರ: ಅಣ್ಣಾರ, ನಿಮ್ಮ ಪತ್ರನ ನಾನು ಪದೇ ಪದೇ ಓದಿದೆ. ನಿಮ್ಮ ಅವ್ವ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಯಾಕೋಬನೂ ಐಗುಪ್ತದಲ್ಲಿ ಸಾಯುವಾಗ ನನ್ನನ್ನ ಇಲ್ಲಿ ಹೂಳಬೇಡ, ಹಿರಿಯರ ಹತ್ರ ಮಕ್ಪೇಲದ ಗವಿಯಲ್ಲೇ ಇಡು ಅಂತ ಯೋಸೇಫನ ಹತ್ರ ಆಣೆ ಮಾಡಿಸ್ಕೊಂಡ. ಯೋಸೇಫನ ಎಲುಬುಗಳನ್ನೂ ಮೋಶೆ ಐಗುಪ್ತದಿಂದ ಹೊತ್ತು ತಂದ, ಅವನ್ನ ಶೆಕೆಮಿನಲ್ಲಿ ಹೂಳಿದ್ರು ಅಂತ ಯೆಹೋಶುವನ ಪುಸ್ತಕದ ಕೊನೇ ಅಧ್ಯಾಯದಲ್ಲಿದೆ. ಆದ್ರೆ ನಿಮಗೆ ನಾನು ಹೇಳ್ಬೇಕು ಅಂತಿರೋದು ಇನ್ನೊಬ್ಬ ತಾಯಿಯ ಕಥೆ.

ಹಳೇ ಕಾಲದ ದೊಡ್ಡ ಕ್ರೈಸ್ತ ಗುರು ಸಂತ ಆಗಸ್ಟೀನನ ತಾಯಿ ಮೋನಿಕಾ ಉತ್ತರ ಆಫ್ರಿಕಾದ ತಗಾಸ್ತೆ ಅನ್ನೋ ಊರಿನವಳು, ಈಗಿನ ಅಲ್ಜೀರಿಯಾದಲ್ಲಿದೆ ಅದು. ಗಂಡ ಪತ್ರಿಸಿಯಸ್ ಮೊದಲೇ ತೀರಿಕೊಂಡಿದ್ದ, ಅವನ ಪಕ್ಕದಲ್ಲೇ ತನಗೂ ಒಂದು ಜಾಗ ಮಾಡಿಟ್ಟಿದ್ಲು, ಸಮುದ್ರ ದಾಟಿ ಹೋಗಿ ಬಂದ ಮೇಲೂ ಗಂಡ ಹೆಂಡತಿ ಒಂದೇ ಮಣ್ಣಲ್ಲಿ ಸೇರಿದ್ರು ಅಂತ ಜನ ನೆನಪಿಟ್ಕೋಬೇಕು ಅನ್ನೋ ಆಸೆ ಅವಳಿಗೆ. ಥೇಟ್ ನಿಮ್ಮ ಅವ್ವನ ಆಸೆಯೇ. ಮಗನನ್ನ ಹುಡುಕ್ಕೊಂಡು ಇಟಲಿಗೆ ಬಂದಿದ್ಲು, ಅವನಿಗೆ ದೀಕ್ಷಾಸ್ನಾನ (ಕ್ರೈಸ್ತರಾಗುವಾಗ ನೀರಲ್ಲಿ ಮಾಡೋ ಸಂಸ್ಕಾರ) ಆದ ಮೇಲೆ ಕ್ರಿ.ಶ. 387ರಲ್ಲಿ ಎಲ್ರೂ ಊರಿಗೆ ಹೊರಟು ರೋಮಿನ ಬಂದರು ಓಸ್ತಿಯಾದಲ್ಲಿ ಹಡಗಿಗೆ ಕಾಯ್ತಿದ್ದಾಗ ಜ್ವರ ಬಂತು. ಒಂದಿನ ಪ್ರಜ್ಞೆ ತಪ್ಪಿ ಎದ್ದವಳು, ನಾನೆಲ್ಲಿದ್ದೆ ಅಂತ ಕೇಳಿ, ಆಮೇಲೆ ಮಕ್ಕಳ ಮುಖ ನೋಡಿ ನಿಮ್ಮ ತಾಯಿನ ಇಲ್ಲೇ ಹೂಳಿ ಅಂದ್ಲು. ಆಗಸ್ಟೀನ ಸುಮ್ನಿದ್ದ, ಅವನ ಅಣ್ಣನೋ ತಮ್ಮನೋ ಒಬ್ಬ, ಪರದೇಶದಲ್ಲಿ ಬೇಡಮ್ಮ, ನಮ್ಮೂರಲ್ಲೇ ಆಗ್ಲಿ ಅಂದ. ಅದಕ್ಕೆ ಅವಳು ಬೇಜಾರಲ್ಲಿ ಅವನ ಕಡೆ ನೋಡಿ, ನೋಡು ಇವನು ಏನಂತಾನೆ ಅಂತ ಆಗಸ್ಟೀನನಿಗೆ ಹೇಳಿ, ಈ ದೇಹನ ಎಲ್ಲಾದ್ರೂ ಇಡಿ, ಅದಕ್ಕಾಗಿ ತಲೆ ಕೆಡಿಸ್ಕೋಬೇಡಿ, ಎಲ್ಲೇ ಇದ್ರೂ ಕರ್ತನ ವೇದಿಕೆಯ ಹತ್ರ ನನ್ನನ್ನ ನೆನೆಸ್ಕೊಳ್ಳಿ, ಅಷ್ಟೇ ಅಂದ್ಲು. ಒಂಬತ್ತನೇ ದಿನ ತೀರಿಕೊಂಡ್ಲು, 56 ವರ್ಷ ಅವಳಿಗೆ. ಆಗಸ್ಟೀನನಿಗೆ ಆಮೇಲೆ ಗೊತ್ತಾಗಿದ್ದು ಏನಂದ್ರೆ, ಅದಕ್ಕೆ ಮುಂಚೆನೇ ಯಾರೋ ಸ್ನೇಹಿತರು, ಊರಿಂದ ಇಷ್ಟು ದೂರ ದೇಹ ಬಿಡೋಕೆ ಹೆದರಿಕೆ ಆಗಲ್ವಾ ಅಂತ ಕೇಳಿದಾಗ ಅವಳು, ದೇವರಿಗೆ ಯಾವುದೂ ದೂರ ಇಲ್ಲ, ಲೋಕದ ಕೊನೇಲಿ ನನ್ನನ್ನ ಎಲ್ಲಿಂದ ಎಬ್ಬಿಸ್ಬೇಕು ಅಂತ ಅವನಿಗೆ ಗೊತ್ತಿರಲ್ಲ ಅನ್ನೋ ಭಯ ನನಗಿಲ್ಲ ಅಂದಿದ್ಲಂತೆ.

ಸತ್ತವರನ್ನ ಪ್ರಾರ್ಥನೆಯಲ್ಲಿ ನೆನೆಯೋ ವಿಷಯದಲ್ಲಿ ಕಥೋಲಿಕರದ್ದು ಒಂದು ನಂಬಿಕೆ, ನಮ್ಮ ಪ್ರೊಟೆಸ್ಟಂಟರದ್ದು ಒಂದು, ಅದನ್ನ ಇಲ್ಲಿ ಎತ್ತಲ್ಲ. ಆದ್ರೆ ಪುನರುತ್ಥಾನದ ಬಗ್ಗೆ ಎರಡೂ ಕಡೆಯವರ ವಿಶ್ವಾಸ ಒಂದೇ. ನಿಮ್ಮ ಅವ್ವನನ್ನ ಎಬ್ಬಿಸೋ ದೇವರಿಗೆ ಬೆಂಗಳೂರಿನ ಮಣ್ಣೂ ಬೆಟಗೇರಿ ಮಣ್ಣೂ ಅಷ್ಟೇ ಹತ್ರ. ಇನ್ನು ಅಳು ಬಂದ್ರೆ ತಡೀಬೇಡಿ, ಆಗಸ್ಟೀನ ಮೊದಲು ಕಣ್ಣೀರು ಬಿಗಿ ಹಿಡಿದು ಕೂತವನು ಆಮೇಲೆ ಒಬ್ನೇ ಇದ್ದಾಗ ಅತ್ತುಬಿಟ್ಟ, ಅದನ್ನ ಬರ್ಕೊಂಡೂ ಇದಾನೆ, ತಾಯಿಗಾಗಿ ಅತ್ತಿದ್ದಕ್ಕೆ ನಗಬೇಡಿ ಅಂತ ಓದೋರನ್ನ ಕೇಳ್ಕೊಂಡಿದಾನೆ. ಒಂದು ಕೆಲಸ ಮಾಡಿ, ಅಪ್ಪನ ಸಮಾಧಿ ಕಲ್ಲಿನ ಮೇಲೆ ಅವ್ವನ ಹೆಸರನ್ನೂ ಕೆತ್ತಿಸಿ, ಬೆಂಗಳೂರಲ್ಲಿ ವಿಶ್ರಮಿಸ್ತಿದಾರೆ ಅಂತ ಬರೆಸಿ. ಸಭೆಯ ಹಿರಿಯರನ್ನ ಕೇಳಿದ್ರೆ ಯಾರೂ ಬೇಡ ಅನ್ನಲ್ಲ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಮೈಸೂರಿನವನು, ಸ್ನೇಹಿತರ ಮನೇಲಿ ನಿಮ್ಮ ಪತ್ರಿಕೆ ಓದ್ತೀನಿ. ನಮ್ಮ ದಾಸರ ಪದಗಳಲ್ಲಿ ನಿಜವಾದ ಮನೆ ಅಲ್ಲಿದೆ, ಇಲ್ಲಿಗೆ ಬಂದಿರೋದು ಸುಮ್ನೆ ಅನ್ನೋ ಭಾವ ಬರುತ್ತೆ. ನೀವು ಪರಲೋಕ ಅನ್ನೋದೂ ಅದೇ ತಾನೇ?

ಉತ್ತರ: ಬರೆದದ್ದಕ್ಕೆ ತುಂಬಾ ಸಂತೋಷ ಸರ್. ಹತ್ರ ಇದೆ, ಅದನ್ನ ಯಾಕೆ ಇಲ್ಲ ಅನ್ನಲಿ. ನೀನು ನಮ್ಮನ್ನ ನಿನಗಾಗಿ ಮಾಡಿದೀಯ, ನಿನ್ನಲ್ಲಿ ನೆಲೆ ಸಿಗೋವರೆಗೂ ನಮ್ಮ ಹೃದಯಕ್ಕೆ ನೆಮ್ಮದಿ ಇಲ್ಲ ಅಂತ ಮೇಲೆ ಹೇಳಿದ ಆಗಸ್ಟೀನನೇ ಬರೆದ. ಎಷ್ಟೋ ಕ್ರೈಸ್ತರು, ನಮ್ಮ ಹಳ್ಳಿ ಸಭೆಗಳ ಅಜ್ಜಂದಿರೂ ಸೇರಿ, ನೀವು ಹೇಳಿದ ಹಾಗೇ ನಂಬ್ಕೊಂಡಿದಾರೆ, ಸತ್ತ ಮೇಲೆ ಮೇಲಕ್ಕೆ ಹೋಗೋದು, ಅಲ್ಲೇ ಮನೆ, ಮುಗೀತು ಅಂತ.

ಆದ್ರೆ ಬೈಬಲಿನ ಕೊನೇ ಎರಡು ಅಧ್ಯಾಯ ತೆಗೆದು ನೋಡಿ. ಪ್ರಕಟನೆ 21ರಲ್ಲಿ ಹೊಸ ಯೆರೂಸಲೇಮ್ ಪಟ್ಟಣ ಪರಲೋಕದಿಂದ ಕೆಳಗೆ ಇಳಿದು ಬರುತ್ತೆ, ದೇವರ ವಾಸ ಮನುಷ್ಯರ ಜೊತೆಗೇ ಇದೆ ಅಂತ ಸಿಂಹಾಸನದಿಂದ ಒಂದು ಧ್ವನಿ ಕೇಳುತ್ತೆ. ಮನುಷ್ಯರು ಭೂಮಿ ಬಿಟ್ಟು ಹೋಗೋದು ಅಲ್ಲಿ ಇಲ್ಲ, ದೇವರೇ ಬಂದು ಇರ್ತಾನೆ. ಆ ಪಟ್ಟಣದ ಬಾಗಿಲುಗಳನ್ನ ಮುಚ್ಚೋದೇ ಇಲ್ಲ, ಒಳಗೆ ನದಿ ಇದೆ, ಮರ ಇದೆ, ಮರದ ಎಲೆಗಳು ಜನಾಂಗಗಳನ್ನ ವಾಸಿ ಮಾಡೋಕೆ. ಇದು ಕೊನೇಲಿ ಹೊಸದಾಗಿ ಬಂದ ಮಾತೂ ಅಲ್ಲ. ಅರಣ್ಯದಲ್ಲಿ ಇಸ್ರಾಯೇಲರು ಗುಡಾರದಲ್ಲಿದ್ದಾಗ ದೇವರೂ ಅವರ ಪಾಳೆಯದ ನಡುವೆ ಗುಡಾರದಲ್ಲಿದ್ದ, ದಾವೀದ ನಿನಗೊಂದು ಮನೆ ಕಟ್ತೀನಿ ಅಂದಾಗ, ನೀನು ನನಗೆ ಕಟ್ಟೋದೇನು, ನಾನೇ ನಿನಗೆ ಮನೆ ಮಾಡಿಕೊಡ್ತೀನಿ ಅಂದ, ಆಮೇಲೆ ಯೇಸುವಿನಲ್ಲಿ ಮಾಂಸ ರಕ್ತದ ಮನುಷ್ಯನಾಗಿ ನಮ್ಮ ನಡುವೆ ವಾಸ ಮಾಡಿದ. ಸತ್ತು ಎದ್ದ ಮೇಲೂ ಯೇಸು ಮಾಡಿದ ಕೆಲಸ ಏನು ಗೊತ್ತಾ, ತಿಬೇರಿಯ ಸಮುದ್ರದ ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು ರೊಟ್ಟಿ ಇಟ್ಕೊಂಡು, ರಾತ್ರಿಯೆಲ್ಲಾ ಬಲೆ ಬೀಸಿ ಸುಸ್ತಾದ ಶಿಷ್ಯರನ್ನ ಬನ್ನಿ ತಿನ್ನಿ ಅಂತ ಕರೆದದ್ದು (ಯೋಹಾನ 21). ನನಗೆ ಇಡೀ ಸುವಾರ್ತೆಯಲ್ಲಿ ತುಂಬಾ ಇಷ್ಟದ ಜಾಗ ಅದು. ಮೀನು, ರೊಟ್ಟಿ, ದಡ, ಬೆಳಗಿನ ಹೊತ್ತು, ಇದೆಲ್ಲಾ ಸುಮ್ನೆ ಅಲ್ಲ, ದೇವರು ಇದನ್ನ ಬಿಸಾಡಲ್ಲ, ಹೊಸದು ಮಾಡ್ತಾನೆ ಅನ್ನೋದು ಕ್ರೈಸ್ತ ನಂಬಿಕೆ.

ನಮ್ಮ ಪೌರತ್ವ ಪರಲೋಕದಲ್ಲಿದೆ ಅಂತ ಮೊದಲ ಕಾಲದ ಸುವಾರ್ತೆಗಾರ ಪೌಲ ಫಿಲಿಪ್ಪಿಯವರಿಗೆ ಬರೆದದ್ದನ್ನ ಕೆಲವರು ಎದುರಿಗೆ ಇಡ್ತಾರೆ. ಫಿಲಿಪ್ಪಿ ಅಂದ್ರೆ ರೋಮನ್ ಸೈನಿಕರು ರಿಟೈರ್ ಆದ ಮೇಲೆ ಅವರನ್ನ ತಂದು ನೆಲೆಸಿದ ಊರು, ಅವರು ರೋಮಿನ ಪೌರರು. ವಾಪಸ್ ರೋಮಿಗೆ ಹೋಗಲಿ ಅಂತ ಅವರಿಗೆ ಪೌರತ್ವ ಕೊಟ್ಟಿರ್ಲಿಲ್ಲ, ಇರೋ ಜಾಗದಲ್ಲೇ ರೋಮಿನವರ ಹಾಗೆ ಬದುಕ್ಲಿ ಅಂತ. ಪೌಲನೂ ಅದೇ ವಾಕ್ಯದಲ್ಲಿ, ಅಲ್ಲಿಂದ ರಕ್ಷಕ ಬರೋದನ್ನ ಕಾಯ್ತಿದೀವಿ ಅಂತಾನೆ. ನಾವು ಅಲ್ಲಿಗೆ ಹೋಗೋದನ್ನ ಅಂತ ಹೇಳಲ್ಲ.

ದಾಸರ ಪದಗಳಲ್ಲಿ ಒಂದು ಆಳ ಇದೆ, ಅದನ್ನ ಕಮ್ಮಿ ಮಾಡೋಕೆ ನಾನು ಇದನ್ನ ಹೇಳ್ತಿಲ್ಲ. ನೀವು ಕೇಳಿದ್ದು ಎರಡೂ ಒಂದೇನಾ ಅಂತ, ಅದಕ್ಕೆ ನನಗೆ ತಿಳಿದಷ್ಟು ಹೇಳಿದೆ.

ಪ್ರಶ್ನೆ: ನಾನು ನನ್ನ ಸ್ವಂತ ತೀರ್ಮಾನದಿಂದ ದೀಕ್ಷಾಸ್ನಾನ ತಗೊಂಡೆ. ಅಪ್ಪ ಅಮ್ಮ ಮಾತು ಬಿಟ್ಟಿದಾರೆ, ಹಬ್ಬಕ್ಕೆ ಬರಬೇಡ ಅಂದಿದಾರೆ. ಸಭೆಯಲ್ಲಿ ಎಲ್ರೂ ಸಿಸ್ಟರ್ ಸಿಸ್ಟರ್ ಅಂತಾರೆ, ನಾವೆಲ್ಲ ದೇವರ ಮನೆಯವರು ಅಂತ ಪ್ರಸಂಗ ಮಾಡ್ತಾರೆ. ಕ್ರಿಸ್ಮಸ್ ದಿನ ಆರಾಧನೆ ಮುಗಿದ ಮೇಲೆ ಎಲ್ರೂ ಹ್ಯಾಪಿ ಕ್ರಿಸ್ಮಸ್ ಅಂತ ಕೈ ಕುಲುಕಿ ಅವರವರ ಮನೆಗೆ ಹೋದ್ರು, ನಾನು ಪಿಜಿಗೆ ಬಂದು ಮೆಸ್ ಕೂಡ ರಜೆ ಇದ್ದಿದ್ರಿಂದ ಬ್ರೆಡ್ ತಿಂದು ಮಲ್ಕೊಂಡೆ. ನಾನು ಈಗ ಯಾರ ಮನೆಯವಳು ಅಕ್ಕಾ?

ಉತ್ತರ: ಮಗಳೇ, ಇದನ್ನ ಓದಿ ನನಗೆ ತುಂಬಾ ಸಂಕಟ ಆಯ್ತು, ಮೊದಲು ನಿನಗಿಂತ ಆ ಸಭೆಯವರಿಗೆ ಉತ್ತರ ಬರೀಬೇಕು ಅನ್ನಿಸ್ತು. ಎಫೆಸ 2:19ರಲ್ಲಿ ನೀವು ಇನ್ನು ಮೇಲೆ ಪರದೇಶದವರಲ್ಲ, ದೇವರ ಮನೆಯವರು ಅಂತ ಪೌಲ ಬರೆದಿದಾನೆ. ನಿನ್ನ ಸಭೆಯವರು ಪ್ರಸಂಗ ಮಾಡಿದ್ದು ಅದೇ ವಚನದ್ದಿರಬೇಕು, ಆದ್ರೆ ಮಧ್ಯಾಹ್ನದ ಊಟಕ್ಕೆ ಕರೀದೇ ಇದ್ರೆ ಆ ವಚನಕ್ಕೆ ಅರ್ಥ ಎಲ್ಲಿಂದ ಬರಬೇಕು.

ಮಾರ್ಕ 10:29-30 ತೆಗೆದು ಓದು. ನನಗಾಗಿ ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ತಂದೆ, ಮಕ್ಕಳು, ಭೂಮಿ ಬಿಟ್ಟವನಿಗೆ ಈಗಿನ ಕಾಲದಲ್ಲೇ ನೂರರಷ್ಟು ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಭೂಮಿ ಸಿಗುತ್ತೆ, ಹಿಂಸೆಯೂ ಜೊತೆಗೆ ಬರುತ್ತೆ ಅಂತ ಯೇಸು ಹೇಳ್ತಾನೆ. ಬಿಟ್ಟವರ ಪಟ್ಟಿಯಲ್ಲಿ ತಂದೆ ಇದಾನೆ, ಸಿಗೋದರ ಪಟ್ಟಿಯಲ್ಲಿ ಇಲ್ಲ, ಗಮನಿಸಿದ್ಯಾ. ಆ ಜಾಗದಲ್ಲಿ ದೇವರೊಬ್ಬನೇ ತಂದೆ ಅಂತ ಓದೋರಿದಾರೆ, ಸಭೆಯಲ್ಲಿ ಯಾರೂ ಯಾರ ಮೇಲೂ ಯಜಮಾನಿಕೆ ಮಾಡಬಾರದು ಅಂತ ಓದೋರೂ ಇದಾರೆ. ನನಗೆ ಮುಖ್ಯ ಅನ್ನಿಸೋದು ಈಗಿನ ಕಾಲದಲ್ಲೇ ಅನ್ನೋ ಮಾತು. ನಿನಗೆ ಈಗ ಸಿಗಬೇಕಾದ ಮನೆ ಮೇಲಿಂದ ಉದುರಲ್ಲ, ನಿನ್ನ ಸಭೆಯಲ್ಲಿ ನಿನ್ನ ಮುಂದಿನ ಬೆಂಚಲ್ಲಿ ಕೂರೋರ ಹತ್ರ ಇರೋ ಮನೆನೇ ಅದು.

ಮೊದಲ ಕಾಲದ ಸಭೆಗೆ ಇದು ಗೊತ್ತಿತ್ತು. ಪ್ರಿಸ್ಕಿಲ್ಲ ಅಕ್ವಿಲ ಅಂತ ಗಂಡ ಹೆಂಡತಿ, ಚಕ್ರವರ್ತಿ ಕ್ಲೌದಿಯ ಯೆಹೂದ್ಯರನ್ನ ರೋಮಿಂದ ಓಡಿಸಿದಾಗ ಊರು ಬಿಟ್ಟು ಕೊರಿಂಥಕ್ಕೆ ಬಂದವರು, ಗುಡಾರ ಮಾಡೋ ಕಸುಬು. ಪೌಲ ಅವರ ಮನೇಲಿ ಇದ್ದ. ಆಮೇಲೆ ಎಫೆಸದಲ್ಲಿ ಅವರ ಮನೇಲಿ ಸಭೆ ಸೇರ್ತಿತ್ತು, ಮುಂದೆ ರೋಮಿಗೆ ವಾಪಸ್ ಹೋದ ಮೇಲೆ ಅಲ್ಲೂ ಅವರ ಮನೇಲೇ. ಮನೆ ಕಳ್ಕೊಂಡವರೇ ಹೋದಲ್ಲೆಲ್ಲಾ ಮನೆ ಬಾಗಿಲು ತೆರೆದಿದ್ರು. ಸಿರಿಯಾದ ದೂರಾ ಯುರೋಪಸ್ ಅನ್ನೋ ಹಾಳು ಊರಲ್ಲಿ 1930ರ ದಶಕದಲ್ಲಿ ಅಗೆದಾಗ ಸುಮಾರು ಕ್ರಿ.ಶ. 240ರ ಹೊತ್ತಿನ ಒಂದು ಚರ್ಚ್ ಸಿಕ್ತು, ಇಷ್ಟು ಹಳೇ ಚರ್ಚ್ ಸಿಗೋದೇ ಅಪರೂಪ, ಅದು ಒಬ್ಬರ ಮನೆ. ಎರಡು ಕೋಣೆ ನಡುವಿನ ಗೋಡೆ ಒಡೆದು ಎಲ್ರೂ ಸೇರೋಕೆ ಹಾಲ್ ಮಾಡಿದಾರೆ, ಇನ್ನೊಂದು ಸಣ್ಣ ಕೋಣೇಲಿ ದೀಕ್ಷಾಸ್ನಾನದ ತೊಟ್ಟಿ.

ನಮ್ಮ ಕಡೆಯ ಕಥೆನೂ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ ಕ್ರೈಸ್ತರಾದವರಲ್ಲಿ ಎಷ್ಟೋ ಜನರಿಗೆ ಜಾತಿ ಹೋಯ್ತು, ಜಾತಿ ಜೊತೆ ಕುಲಕಸುಬು, ಗೇಣಿ, ಮನೆ ಎಲ್ಲಾ ಹೋಯ್ತು. ಅವರನ್ನ ಬರೀ ಸಹೋದರ ಸಹೋದರಿ ಅಂತ ಕರೆದು ಕಳಿಸೋಕೆ ಆಗ್ತಿರ್ಲಿಲ್ಲ. ಮಗ್ಗ ಹಾಕಿಸಿದ್ರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು, ಬಲ್ಮಠದಲ್ಲಿ ಇರೋಕೆ ಜಾಗ ಕೊಟ್ರು. 1844ರಲ್ಲಿ ಕ್ರೈಸ್ತರಾದ ಸಾರಸ್ವತ ಬ್ರಾಹ್ಮಣ ಹರ್ಮನ್ ಆನಂದರಾವ್ ಕೌಂಡಿನ್ಯರು ಕೊಡಗಿನಲ್ಲಿ ಜೀತದಿಂದ ಬಂದ ದಲಿತ ಕ್ರೈಸ್ತ ಕುಟುಂಬಗಳಿಗೆ ಕಾಫಿ ತೋಟ ಮಾಡಿ ನೆಲೆ ಕೊಟ್ರು, ಆನಂದಪುರ ಅನ್ನೋ ಊರು ಎದ್ದದ್ದು ಹಾಗೆ. ಮನೆ ಕಳ್ಕೊಂಡವರು ಕೂತು ಒತ್ತಿದ ಮಂಗಳೂರು ಹಂಚು ದೇಶದ ಎಷ್ಟೋ ಮನೆಗಳ ಮೇಲೆ ಏರಿತು. ಇದರಲ್ಲಿ ತೊಂದರೆನೂ ಇತ್ತು, ಕೆಲಸ ಕೊಡೋದೂ ಮಿಷನ್ನೇ, ಮನೆ ಕೊಡೋದೂ ಮಿಷನ್ನೇ, ತಪ್ಪು ಮಾಡಿದ್ರೆ ಸಭೆಯಿಂದ ಹೊರಗಿಡೋದೂ ಅವರೇ, ಹಾಗಾಗಿ ಜನ ಮಿಷನನ್ನ ತಾಯಿತಂದೆ ಅಂದ್ಕೊಂಡುಬಿಟ್ರು. 1914ರಲ್ಲಿ ಮಹಾಯುದ್ಧ ಶುರುವಾಗಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನ ಬಂಧಿಸಿ ಕಾರ್ಖಾನೆಗಳೂ ಕೈಬಿಟ್ಟು ಹೋದಾಗ ಸಭೆಗಳು ದಿಕ್ಕು ತಪ್ಪಿದ ಹಾಗೆ ಆದ್ವು. ಅಂಥ ಅವಲಂಬನೆ ನಮಗೆ ಬೇಡ. ಆದ್ರೂ ಮನೆ ಕಳ್ಕೊಂಡವರಿಗೆ ನಿಜವಾದ ಸೂರು, ನಿಜವಾದ ಊಟ ಬೇಕು ಅಂತ ಅವರಿಗೆ ತಿಳಿದಿತ್ತು, ಇವತ್ತಿನ ನಮ್ಮ ಎಸಿ ಹಾಕಿದ ಚರ್ಚುಗಳಿಗೆ ಅದು ಮರೆತುಹೋಗಿದೆ.

ಈಗ ನಿನಗೆ. ಪಾಸ್ಟರ್ ಮನೆಯವರ ಹತ್ರ ಹೋಗಿ, ಹಬ್ಬದ ದಿನ ನಾನು ಒಬ್ಳೇ ಇದ್ದೆ ಅಂತ ನೇರವಾಗಿ ಹೇಳು, ನಾಚ್ಕೋಬೇಡ, ಎಷ್ಟೋ ಸಲ ಅವರಿಗೆ ಹೊಳೆದೇ ಇರಲ್ಲ. ಅಪ್ಪ ಅಮ್ಮನ ಕಡೆ ಬಾಗಿಲು ನೀನಾಗಿ ಮುಚ್ಚಬೇಡ. ತಂದೆತಾಯಿಯನ್ನ ಸನ್ಮಾನಿಸು ಅನ್ನೋ ಆಜ್ಞೆ ನಿನಗೆ ದೀಕ್ಷಾಸ್ನಾನದ ದಿನ ರದ್ದಾಗಿಲ್ಲ. ಅವರು ಫೋನ್ ಎತ್ತದಿದ್ರೂ ಹಬ್ಬಕ್ಕೆ, ಅಮ್ಮನ ಹುಟ್ಟುಹಬ್ಬಕ್ಕೆ ಮೆಸೇಜ್ ಹಾಕು, ವಾದ ಮಾಡ್ಬೇಡ, ಹುಷಾರಿಲ್ಲ ಅಂತ ಗೊತ್ತಾದ್ರೆ ಹೋಗಿ ಬಾಗಿಲ ಹತ್ರ ನಿಂತ್ಕೊ. ಯೇಸು ಶಿಲುಬೆ ಮೇಲೆ ಅಷ್ಟು ನೋವಲ್ಲೂ ತನ್ನ ತಾಯಿನ ಶಿಷ್ಯನಿಗೆ ತೋರಿಸಿ ಇಗೋ ನಿನ್ನ ತಾಯಿ ಅಂದ, ಆ ಹೊತ್ತಿಂದ ಶಿಷ್ಯ ಅವಳನ್ನ ತನ್ನ ಮನೆಗೆ ಕರ್ಕೊಂಡು ಹೋದ ಅಂತ ಯೋಹಾನ 19:27ರಲ್ಲಿದೆ. ಹೆತ್ತವರನ್ನ ಬಿಡದೇನೇ ಹೊಸ ಮನೆಯವರು ಆಗೋದು ಅಲ್ಲೇ ಶುರುವಾಯ್ತು. ನೀನು ಇರೋ ಊರು ನಮ್ಮ ಆಫೀಸಿಗೆ ಬರೆದು ತಿಳಿಸು, ಆ ಕಡೆ ನನಗೆ ಗೊತ್ತಿರೋ ಕುಟುಂಬಗಳಿವೆ, ಮುಂದಿನ ಕ್ರಿಸ್ಮಸ್‌ವರೆಗೂ ಕಾಯೋದು ಬೇಡ.

ಪ್ರಶ್ನೆ: ಹೊಸ ಮನೆ ಪ್ರತಿಷ್ಠೆ ಇಟ್ಕೊಂಡಿದೀವಿ. ಯಾವ ವಾಕ್ಯ ಓದಿಸೋದು ಒಳ್ಳೇದು? ಕೀರ್ತನೆ 127 ಎಲ್ರೂ ಓದ್ತಾರೆ, ಬೇರೆ ಏನಾದ್ರೂ ಹೇಳಿ.

ಉತ್ತರ: 127 ಎಲ್ರೂ ಓದ್ತಾರೆ ಅಂತ ಬಿಡ್ಬೇಡಿ, ಅದು ಇರಲಿ. ಅದರ ಜೊತೆ ಕೀರ್ತನೆ 84 ಓದಿಸಿ, ಗುಬ್ಬಿಗೂ ಮನೆ ಸಿಕ್ಕಿತು ಅನ್ನೋ ಮಾತು ಬರುತ್ತೆ, ಮಕ್ಕಳಿಗೆ ಇಷ್ಟ ಆಗುತ್ತೆ. ಲೂಕ 19ರ ಜಕ್ಕಾಯನ ಕಥೆ ಯಾರಾದ್ರೂ ಓದಲಿ. ಇನ್ನೆರಡು ವಚನ ಪ್ರತಿಷ್ಠೆಗಳಲ್ಲಿ ನಾನು ಕೇಳಿದ್ದೇ ಇಲ್ಲ, ಓದಿಸ್ಬೇಕು. ಯೆರೆಮೀಯ 22:13ರಲ್ಲಿ, ನೆರೆಯವನಿಂದ ಬಿಟ್ಟಿ ಕೆಲಸ ಮಾಡಿಸಿ ಕೂಲಿ ಕೊಡದೆ ಮನೆ ಕಟ್ಟೋನ ಗತಿಯನ್ನ ಏನು ಹೇಳಲಿ ಅಂತ ಇದೆ, ಹಾಗಾಗಿ ಮೇಸ್ತ್ರಿ, ಗಾರೆ ಕೆಲಸದವರು, ಪೇಂಟರ್, ಯಾರದ್ದಾದ್ರೂ ಬಾಕಿ ಇದ್ರೆ ಪ್ರತಿಷ್ಠೆಗೆ ಮುಂಚೆನೇ ಕೊಟ್ಟುಬಿಡಿ, ಅವರನ್ನೂ ಊಟಕ್ಕೆ ಕರೀರಿ, ಮೊದಲ ಪಂಕ್ತಿಯಲ್ಲೇ ಕೂರಿಸಿ. ಇನ್ನೊಂದು ಧರ್ಮೋಪದೇಶಕಾಂಡ 22:8, ಹೊಸ ಮನೆ ಕಟ್ಟಿದಾಗ ಮಾಳಿಗೆಗೆ ಸುತ್ತಲೂ ಗೋಡೆ ಕಟ್ಟು, ಮೇಲಿಂದ ಯಾರಾದ್ರೂ ಬಿದ್ದು ಸತ್ರೆ ಆ ರಕ್ತದ ಅಪರಾಧ ನಿನ್ನ ಮನೆ ಮೇಲೆ ಬರುತ್ತೆ ಅಂತ. ನಿಮ್ಮ ಟೆರೇಸಿನ ಪ್ಯಾರಪೆಟ್ ಆಗಿದ್ಯಾ ನೋಡ್ಕೊಳ್ಳಿ, ಪ್ರತಿಷ್ಠೆ ದಿನ ಬಂದ ಮಕ್ಕಳೆಲ್ಲಾ ಮೊದಲು ಓಡೋದು ಅಲ್ಲಿಗೇ.